ಚದುರಿಸಿದರೂ ಕೂಡಿಕೊಂಡವರು

1975ರ ಏಪ್ರಿಲ್ 30ರಂದು ಸೈಗಾನ್ ನಗರ ಉತ್ತರ ವಿಯೆಟ್ನಾಂ ಸೇನೆಯ ವಶವಾಯಿತು. ಆ ವರ್ಷ ಮುಗಿಯುವುದರೊಳಗೆ ಸುಮಾರು 1.3 ಲಕ್ಷ ನಿರಾಶ್ರಿತರು ಅಮೆರಿಕ ಸೇರಿದರು. ಅಲ್ಲಿ ಅವರು ನೆಲೆಯೂರಲು ನೆರವಾದವರು ಯಾರು ಎಂದು ಕೇಳಿದರೆ ಸಿದ್ಧ ಉತ್ತರವೊಂದು ಸಿಗುತ್ತದೆ: ಸರ್ಕಾರ ಹಣ ಕೊಟ್ಟಿತು, ಚರ್ಚುಗಳು ಮನೆ ಹುಡುಕಿಕೊಟ್ಟವು, ಬಂದವರು ಬೆವರು ಸುರಿಸಿ ದುಡಿದು ಮೇಲೆ ಬಂದರು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಮುಖ್ಯವಾದ ಸಂಗತಿಯೊಂದು ಇದರಲ್ಲಿ ಬಿಟ್ಟುಹೋಗಿದೆ. ಈ ಜನ ಎಲ್ಲಿಯೂ ಗುಂಪಾಗಿ ಸೇರಬಾರದು ಎಂಬುದೇ ಸರ್ಕಾರದ ಮೊದಲ ಯೋಜನೆಯ ತಳಹದಿಯಾಗಿತ್ತು. ನಿರಾಶ್ರಿತರು ಸದ್ದುಗದ್ದಲವಿಲ್ಲದೆ ಆ ಯೋಜನೆಯನ್ನು ಬದಿಗೆ ಸರಿಸಿ, ತಮ್ಮವರಿದ್ದ ಊರುಗಳಿಗೆ ಗಂಟುಮೂಟೆ ಕಟ್ಟಿಕೊಂಡು ಹೋಗಿ ನೆಲೆಸಿದರು. ಇಂದು ನಾವು ಸಮುದಾಯ ಸೇವೆ ಎಂದು ಕರೆಯುವ ವ್ಯವಸ್ಥೆ ಬೇರುಬಿಟ್ಟದ್ದು ಹೀಗೆ ಒಟ್ಟುಗೂಡಿದ ಊರುಗಳಲ್ಲಿ. ಹೊರಗಿನ ಔದಾರ್ಯ ಅವರನ್ನು ಬದುಕಿಸಿತು. ಹೊಸ ದೇಶದ ಬದುಕಿಗೆ ಹೊಂದಿಸಿದ್ದು ಅವರ ನಡುವಿನಿಂದಲೇ ಎದ್ದುಬಂದ ಸಂಘಗಳು. ಐವತ್ತು ವರ್ಷಗಳ ದಾಖಲೆ ಹೇಳುವುದು ಇದನ್ನೇ ಎಂಬುದು ನನ್ನ ವಾದ.

ಮೊದಲಿನಿಂದ ನೋಡೋಣ. ಹಡಗು, ವಿಮಾನಗಳಲ್ಲಿ ಬಂದ ಹೆಚ್ಚಿನವರು ಗುವಾಮ್ ದ್ವೀಪದ ಡೇರೆಗಳಲ್ಲಿ ತಂಗಿ, ಅಲ್ಲಿಂದ ಅಮೆರಿಕದ ನಾಲ್ಕು ಸೇನಾ ನೆಲೆಗಳಿಗೆ ಹೋದರು: ಕ್ಯಾಲಿಫೋರ್ನಿಯಾದ ಕ್ಯಾಂಪ್ ಪೆಂಡಲ್‌ಟನ್, ಅರ್ಕನ್ಸಾದ ಫೋರ್ಟ್ ಚಾಫೀ, ಪೆನ್ಸಿಲ್ವೇನಿಯಾದ ಫೋರ್ಟ್ ಇಂಡಿಯನ್‌ಟೌನ್ ಗ್ಯಾಪ್, ಫ್ಲಾರಿಡಾದ ಎಗ್ಲಿನ್ ವಾಯುನೆಲೆ. ಮೇ 23ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ನಿರಾಶ್ರಿತರ ನೆರವಿನ ಕಾಯ್ದೆಗೆ ಸಹಿ ಹಾಕಿದಾಗ ದೇಶದಲ್ಲಿ ನಿರುದ್ಯೋಗ ಶೇ. 9ರ ಹತ್ತಿರವಿತ್ತು. ಅದೇ ತಿಂಗಳ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ. 54ರಷ್ಟು ಜನ ಇವರು ಬರುವುದು ಬೇಡ ಎಂದಿದ್ದರು. ಬರಲಿ ಎಂದವರು ಶೇ. 36 ಮಾತ್ರ. ಕ್ಯಾಲಿಫೋರ್ನಿಯಾದ ಗವರ್ನರ್ ಜೆರ‍್ರಿ ಬ್ರೌನ್ ಬಹಿರಂಗವಾಗಿಯೇ ವಿರೋಧಿಸಿದರು. ಅತ್ತ ವಾಷಿಂಗ್ಟನ್ ರಾಜ್ಯದ ಗವರ್ನರ್ ಡ್ಯಾನ್ ಎವಾನ್ಸ್ ತಮ್ಮ ಸಹಾಯಕರನ್ನೇ ಪೆಂಡಲ್‌ಟನ್ನಿಗೆ ಕಳಿಸಿ, ನಮ್ಮಲ್ಲಿಗೆ ಬನ್ನಿ ಎಂದು ಕರೆಸಿಕೊಂಡರು. ಜನಾಭಿಪ್ರಾಯ ಹೀಗೆ ಇಬ್ಭಾಗವಾಗಿದ್ದಾಗ ಕೇಂದ್ರದ ಅಧಿಕಾರಿಗಳಿಗೆ ಚದುರಿಸುವುದೇ ಸುರಕ್ಷಿತ ದಾರಿಯಾಗಿ ಕಂಡಿತು. 1960ರ ದಶಕದಲ್ಲಿ ಕ್ಯೂಬಾದ ನಿರಾಶ್ರಿತರು ಮಯಾಮಿಯಲ್ಲಿ ನೆರೆದದ್ದು ಅವರ ನೆನಪಿನಲ್ಲಿತ್ತು. ಯಾವ ಊರಿನ ಮೇಲೂ ಹೊರೆ ಬೀಳಬಾರದು, ಬಂದವರು ಬೇಗ ಬೆರೆತುಹೋಗಬೇಕು ಎಂಬ ಲೆಕ್ಕಾಚಾರದಲ್ಲಿ ಐವತ್ತೂ ರಾಜ್ಯಗಳಿಗೆ ಅವರನ್ನು ಹಂಚಲಾಯಿತು.

ಶಿಬಿರದಿಂದ ಹೊರಬೀಳಲು ಇದ್ದದ್ದು ನಾಲ್ಕೇ ದಾರಿ. ಬೇರೆ ದೇಶಕ್ಕೆ ಹೋಗಬಹುದಿತ್ತು, ವಿಯೆಟ್ನಾಮಿಗೆ ಮರಳಬಹುದಿತ್ತು, ಮನೆಯ ಪ್ರತಿಯೊಬ್ಬರ ಲೆಕ್ಕದಲ್ಲೂ 4,000 ಡಾಲರ್ ಕೈಯಲ್ಲಿದೆ ಎಂದು ತೋರಿಸಬಹುದಿತ್ತು. ಉಳಿದವರು ಪ್ರಾಯೋಜಕರೊಬ್ಬರು ಸಿಗುವ ತನಕ ಕಾಯಬೇಕಿತ್ತು, ಬಹುಪಾಲು ಜನರ ಪಾಲಿಗೆ ಬಂದದ್ದು ಈ ಕೊನೆಯ ದಾರಿಯೇ. ಕ್ಯಾಥೊಲಿಕ್, ಲುಥೆರನ್, ಯಹೂದಿ ಸಂಸ್ಥೆಗಳು, ಇಂಟರ್‌ನ್ಯಾಷನಲ್ ರೆಸ್ಕ್ಯೂ ಕಮಿಟಿಯಂಥ ಧರ್ಮಾತೀತ ಸಂಸ್ಥೆಗಳು ಪ್ರಾಯೋಜಕರನ್ನು ಹುಡುಕುವ ಹೊಣೆ ಹೊತ್ತವು. ಅದಕ್ಕಾಗಿ ಸರ್ಕಾರ ಒಬ್ಬ ನಿರಾಶ್ರಿತನಿಗೆ 500 ಡಾಲರಿನಂತೆ ಕೊಟ್ಟಿತು. ಪ್ರಾಯೋಜಕರು ಮನೆ, ಬಟ್ಟೆ, ಊಟ ಕೊಡಬೇಕು, ಕೆಲಸ ಹುಡುಕಿಕೊಡಬೇಕು, ಮಕ್ಕಳನ್ನು ಶಾಲೆಗೆ ಸೇರಿಸಬೇಕು. ಕಾನೂನಿನ ಕಟ್ಟುಪಾಡು ಇಲ್ಲದ ಈ ನೈತಿಕ ಹೊಣೆಯನ್ನು ಸಾವಿರಾರು ಸಾಮಾನ್ಯ ಕುಟುಂಬಗಳು ಶ್ರದ್ಧೆಯಿಂದ ನಿಭಾಯಿಸಿದವು. ಅಪರಿಚಿತರಿಗಾಗಿ ತಮ್ಮ ಮನೆಯ ಕೋಣೆ ಬಿಟ್ಟುಕೊಟ್ಟ ಆ ಜನರ ಒಳ್ಳೆಯತನವನ್ನು ಕಡೆಗಣಿಸಿ ಈ ಇತಿಹಾಸ ಬರೆಯುವುದು ಅನ್ಯಾಯ. ವರ್ಷ ಮುಗಿಯುವ ಮುನ್ನವೇ ನಾಲ್ಕೂ ಶಿಬಿರಗಳು ಖಾಲಿಯಾದದ್ದು ಅವರಿಂದ.

ಅಷ್ಟಾದರೂ ವ್ಯವಸ್ಥೆಯ ದೋಷ ಬೇಗನೆ ಬಯಲಾಯಿತು. ಅಜ್ಜಿ, ತಾತ, ಚಿಕ್ಕಪ್ಪ, ಅವರ ಮಕ್ಕಳು ಎಲ್ಲ ಸೇರಿ ಒಂದು ಮನೆ ಎಂದುಕೊಂಡಿದ್ದ ಕುಟುಂಬಕ್ಕೆ ಪ್ರಾಯೋಜಕರು ಸಿಗುವುದು ಕಷ್ಟವಿತ್ತು. ಹೀಗಾಗಿ ಒಂದೇ ಮನೆಯವರು ಬೇರೆ ಬೇರೆ ರಾಜ್ಯಗಳ ಪಾಲಾದರು. ಸೈಗಾನಿನಲ್ಲಿ ಸೇನಾಧಿಕಾರಿಯಾಗಿದ್ದವನು ಕಾಣದ ಊರೊಂದರಲ್ಲಿ ರಾತ್ರಿ ಪಾಳಿಯ ಕಸಗುಡಿಸುವ ಕೆಲಸಕ್ಕೆ ನಿಂತ. ಹಗಲಿಡೀ ಮನೆಯಲ್ಲಿ ಉಳಿಯುತ್ತಿದ್ದ ಅವನ ಹೆಂಡತಿಗೆ ತನ್ನ ಭಾಷೆಯಲ್ಲಿ ಮಾತಾಡಲು ಊರಲ್ಲಿ ಇನ್ನೊಬ್ಬ ಹೆಂಗಸಿರಲಿಲ್ಲ. ಪ್ರಾಯೋಜಕರು ಎಷ್ಟೇ ಒಳ್ಳೆಯವರಾದರೂ ಈ ಕೊರತೆ ತುಂಬುವುದು ಅವರಿಂದ ಆಗುವಂಥದ್ದಲ್ಲ. ಅದಕ್ಕೇ ಕೈಯಲ್ಲಿ ಹಳೆಯ ಕಾರೊಂದನ್ನು ಕೊಳ್ಳುವಷ್ಟು ದುಡ್ಡು ಸೇರಿದ್ದೇ ತಡ, ಜನ ಹೊರಟರು. 1980ರ ಹೊತ್ತಿಗೆ ಮೊದಲ ತಂಡದವರಲ್ಲಿ ಶೇ. 45ರ ಆಸುಪಾಸು ಜನ ತಮಗೆ ಗೊತ್ತುಮಾಡಿದ್ದ ರಾಜ್ಯ ಬಿಟ್ಟು ಬೇರೆ ಕಡೆ ಇದ್ದರು. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ, ಸ್ಯಾನ್ ಹೋಸೆ, ಟೆಕ್ಸಾಸಿನ ಹ್ಯೂಸ್ಟನ್, ವಾಷಿಂಗ್ಟನ್ ನಗರದ ಪಕ್ಕದ ಉತ್ತರ ವರ್ಜೀನಿಯಾ ಅವರ ಹೊಸ ಊರುಗಳಾದವು. ಅಯೋವಾ ರಾಜ್ಯ ಮಾತ್ರ ಆರಂಭದಿಂದಲೇ ಬೇರೆ ದಾರಿ ಹಿಡಿದಿತ್ತು. ವಾಯವ್ಯ ವಿಯೆಟ್ನಾಂ ಮೂಲದ, ಲಾವೋಸಿನಿಂದ ತಪ್ಪಿಸಿಕೊಂಡು ಬಂದಿದ್ದ ತಾಯ್ ದಾಮ್ ಜನ ತಮ್ಮನ್ನು ಒಡೆಯಬೇಡಿ ಎಂದು ಪತ್ರ ಬರೆದಾಗ ಗವರ್ನರ್ ರಾಬರ್ಟ್ ರೇ ಸಾವಿರಕ್ಕೂ ಮಿಕ್ಕಿದ ಆ ಗುಂಪನ್ನು ಒಟ್ಟಾಗಿಯೇ ತಮ್ಮ ರಾಜ್ಯಕ್ಕೆ ಕರೆಸಿಕೊಂಡರು. ಪುನರ್ವಸತಿಗೆ ರಾಜ್ಯ ಸರ್ಕಾರವೇ ಸಂಸ್ಥೆಯಾಗಿ ನಿಂತಿತು. ಆ ಸಮುದಾಯ ಇಂದಿಗೂ ಡೆಮೊಯ್ನ್ ನಗರದ ಸುತ್ತ ನೆಲೆಯೂರಿದೆ. ಒಟ್ಟಿಗೆ ಇರಿಸುವುದು 1975ರಲ್ಲೂ ಸಾಧ್ಯವಿತ್ತು ಎನ್ನಲು ಇಷ್ಟು ಸಾಕು.

ಒಂದೆಡೆ ನೆರೆದ ಜನ ಮೊದಲು ಕಟ್ಟಿದ್ದು ಪರಸ್ಪರ ಸಹಾಯ ಸಂಘಗಳನ್ನು. ಚರ್ಚಿನ ಹಿಂಭಾಗದ ಕೋಣೆಯಲ್ಲೋ, ಬಾಡಿಗೆ ಮಳಿಗೆಯಲ್ಲೋ ನಡೆಯುತ್ತಿದ್ದ ಇವುಗಳ ಕೆಲಸ ಏನಿತ್ತು ಎಂಬುದನ್ನು ಹತ್ತಿರದಿಂದ ನೋಡಬೇಕು. ವಿಯೆಟ್ನಾಮಿನಲ್ಲಿ ಮನೆತನದ ಹೆಸರು ಮೊದಲು, ಇಟ್ಟ ಹೆಸರು ಕೊನೆಗೆ. ಅಮೆರಿಕದ ಅರ್ಜಿಗಳಲ್ಲಿ ಇದು ತಿರುವುಮುರುವು. ಒಬ್ಬನೇ ಮನುಷ್ಯ ಆಸ್ಪತ್ರೆಯಲ್ಲಿ ಒಂದು ಹೆಸರಿನವನು, ಸಾಮಾಜಿಕ ಭದ್ರತಾ ಕಚೇರಿಯಲ್ಲಿ ಇನ್ನೊಂದು ಹೆಸರಿನವನು ಆದರೆ ಅವನಿಗೆ ಬರಬೇಕಾದ ಹಣ ನಿಲ್ಲುತ್ತದೆ. ಸಂಘದ ಕಾರ್ಯಕರ್ತ ಅವನ ಜೊತೆ ಹೋಗಿ ಎರಡೂ ಕಡೆ ಸರಿಮಾಡಿಸುತ್ತಾನೆ. ಡ್ರೈವಿಂಗ್ ಲೈಸೆನ್ಸಿಗೆ ಓದಿಸುತ್ತಾನೆ. ಶಾಲೆಯಿಂದ ಬಂದ ಚೀಟಿಯಲ್ಲಿ ಏನಿದೆ ಎಂದು ತಾಯಿಗೆ ತಿಳಿಸುತ್ತಾನೆ. ಅವನಿಲ್ಲದಿದ್ದರೆ ಆ ಕೆಲಸ ಮನೆಯ ಹತ್ತು ವರ್ಷದ ಮಗುವಿನ ಮೇಲೆ ಬೀಳುತ್ತದೆ. ಅಮ್ಮನ ಹೊಟ್ಟೆನೋವನ್ನು ವೈದ್ಯರಿಗೂ, ವೈದ್ಯರು ಹೇಳಿದ ಕೆಟ್ಟ ಸುದ್ದಿಯನ್ನು ಅಮ್ಮನಿಗೂ ಆ ಮಗುವೇ ಹೇಳಬೇಕಾಗುತ್ತದೆ. ಇಂಥ ಕೆಲಸಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ, ಎರಡೂ ಲೋಕ ಬಲ್ಲ ಒಬ್ಬ ಮನುಷ್ಯ ಬೇಕು.

1980ರ ಮಾರ್ಚಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ನಿರಾಶ್ರಿತರ ಕಾಯ್ದೆಯ ನಂತರ ಸರ್ಕಾರಕ್ಕೂ ಇದು ಮನವರಿಕೆಯಾಯಿತು. ಆ ಕಾಯ್ದೆಯಿಂದ ಹುಟ್ಟಿದ ನಿರಾಶ್ರಿತರ ಪುನರ್ವಸತಿ ಕಚೇರಿ ಕೆಲವೇ ವರ್ಷಗಳಲ್ಲಿ ಪರಸ್ಪರ ಸಹಾಯ ಸಂಘಗಳಿಗೆ ನೇರವಾಗಿ ಅನುದಾನ ಕೊಡತೊಡಗಿತು. ಹೊತ್ತೂ ಹಾಗೇ ಇತ್ತು. 1978ರಿಂದ ದೋಣಿಗಳಲ್ಲಿ ಜೀವ ಕೈಯಲ್ಲಿ ಹಿಡಿದು ಹೊರಟವರು ದೊಡ್ಡ ಸಂಖ್ಯೆಯಲ್ಲಿ ಬರುತ್ತಿದ್ದರು. ಸಮುದ್ರದಲ್ಲಿ ಅವರನ್ನು ಕಾಪಾಡಲೆಂದು 1980ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ ಬೋಟ್ ಪೀಪಲ್ ಎಸ್‌ಒಎಸ್ ಮುಂದೆ ಹಲವು ರಾಜ್ಯಗಳಲ್ಲಿ ಸೇವಾ ಕಚೇರಿ ತೆರೆಯಿತು. ಆದರೆ 1982ರಲ್ಲಿ ಸರ್ಕಾರ ನಿರಾಶ್ರಿತರಿಗೆ ಕೊಡುತ್ತಿದ್ದ ನಗದು ನೆರವಿನ ಅವಧಿಯನ್ನು 36 ತಿಂಗಳಿಂದ 18ಕ್ಕೆ ಇಳಿಸಿತು. ಮುಂದೆ ಅದು 8 ತಿಂಗಳಿಗೂ ಇಳಿಯಿತು. ಸಂಘಗಳ ಬೆಲೆಯನ್ನು ಒಪ್ಪಿಕೊಂಡ ಸರ್ಕಾರವೇ ಅವು ಕೈಹಿಡಿಯುತ್ತಿದ್ದ ಜನರ ಹಣವನ್ನು ಕಿತ್ತುಕೊಂಡದ್ದು ದೂರದೃಷ್ಟಿಯಿಲ್ಲದ ಕ್ರಮ ಎನ್ನದೆ ವಿಧಿಯಿಲ್ಲ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. 1975ರಲ್ಲಿ ಬಂದವರಲ್ಲಿ ಓದಿದವರು, ಇಂಗ್ಲಿಷ್ ಬಲ್ಲವರು, ಸರ್ಕಾರಿ ನೌಕರರು ಹೆಚ್ಚು. ಅವರ ಏಳಿಗೆಗೆ ಅವರ ವಿದ್ಯೆ ಕಾರಣ, ಸಂಘಗಳಿಗೆ ಅದರ ಶ್ರೇಯ ಕೊಡುವುದು ಸರಿಯಲ್ಲ ಎನ್ನುತ್ತಾರೆ. ಮೊದಲ ತಂಡದ ಮಟ್ಟಿಗೆ ಈ ಮಾತಿನಲ್ಲಿ ಸತ್ಯವಿದೆ. ಆದರೆ ದೋಣಿಯಲ್ಲಿ ಬಂದವರಲ್ಲಿ ಮೀನುಗಾರರು, ರೈತರು, ಸಣ್ಣ ವ್ಯಾಪಾರಿಗಳು ಬಹಳ ಇದ್ದರು. ಇವರ ಕೈಹಿಡಿದದ್ದು ವಿದ್ಯೆ ಎನ್ನಲಾಗದು. ಉಗುರು ಅಲಂಕಾರದ ಕಸುಬಿನ ಕಥೆಯನ್ನೇ ನೋಡಿ. 1975ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಬಳಿ ಹೋಪ್ ವಿಲೇಜ್ ಎಂಬ ನಿರಾಶ್ರಿತರ ಶಿಬಿರಕ್ಕೆ ನಟಿ ಟಿಪ್ಪಿ ಹೆಡ್ರನ್ ಸ್ವಯಂಸೇವಕಿಯಾಗಿ ಹೋಗುತ್ತಿದ್ದರು. ಅಲ್ಲಿನ ಹೆಂಗಸರು ತಮ್ಮ ಉಗುರುಗಳನ್ನು ಬೆರಗಿನಿಂದ ನೋಡುವುದನ್ನು ಕಂಡು, ತಮ್ಮ ಉಗುರು ಸಿಂಗರಿಸುವವರನ್ನೇ ಕರೆತಂದು ಪಾಠ ಹೇಳಿಸಿದರು. ಇಪ್ಪತ್ತು ಹೆಂಗಸರು ಬ್ಯೂಟಿ ಸ್ಕೂಲಿಗೆ ಸೇರಿ ಲೈಸೆನ್ಸ್ ಪಡೆದರು. ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಇಪ್ಪತ್ತು ಜನರಿಂದ ಒಂದು ಉದ್ಯಮ ಹೇಗೆ ಎದ್ದಿತು ಎಂಬುದು ಅದರಲ್ಲಿ ಇರುವುದಿಲ್ಲ. ಅಕ್ಕ ತಂಗಿಗೆ ಕಲಿಸಿದಳು, ಅತ್ತಿಗೆ ನಾದಿನಿಗೆ ಕಲಿಸಿದಳು. ವಿಯೆಟ್ನಾಮೀ ಭಾಷೆಯಲ್ಲೇ ಪಾಠ ಹೇಳುವ ಶಾಲೆಗಳು ಆರೆಂಜ್ ಕೌಂಟಿಯಲ್ಲಿ ತೆರೆದುಕೊಂಡವು. ಅಂಗಡಿ ಇಡಲು ಬ್ಯಾಂಕ್ ಸಾಲ ಕೊಡದಿದ್ದಾಗ ಹುಯಿ ನೆರವಿಗೆ ಬಂತು. ನಮ್ಮ ಊರುಗಳ ಚೀಟಿಯ ಹಾಗೆಯೇ ಹತ್ತಾರು ಜನ ತಿಂಗಳು ತಿಂಗಳು ಹಣ ಕಟ್ಟಿ, ಸರದಿಯ ಮೇಲೆ ಒಟ್ಟು ಮೊತ್ತ ಎತ್ತುವ ವ್ಯವಹಾರ ಅದು. 1996ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಲೈಸೆನ್ಸ್ ಪರೀಕ್ಷೆಯನ್ನು ವಿಯೆಟ್ನಾಮೀ ಭಾಷೆಯಲ್ಲೂ ಬರೆಯಲು ಅವಕಾಶ ಕೊಟ್ಟಿತು. ಇಂದು ಇಡೀ ಅಮೆರಿಕದಲ್ಲಿ ಈ ಕಸುಬಿನವರಲ್ಲಿ ಅರ್ಧದಷ್ಟು ವಿಯೆಟ್ನಾಮೀ ಮೂಲದವರು. ಉಗುರು ಬಣ್ಣದ ರಾಸಾಯನಿಕಗಳಿಂದ ಕೆಲಸಗಾರ್ತಿಯರಿಗೆ ಆಗುವ ತೊಂದರೆಗಳ ವಿರುದ್ಧ 2005ರಲ್ಲಿ ಒಕ್ಕೂಟ ಕಟ್ಟಿ ನಿಂತವರೂ ಸಮುದಾಯದ ಆರೋಗ್ಯ ಕಾರ್ಯಕರ್ತರೇ. ಕಿಡಿ ಹೊತ್ತಿಸಿದ್ದು ಹೆಡ್ರನ್ ಅವರ ಒಳ್ಳೆಯ ಮನಸ್ಸು. ಅದನ್ನು ಹಬ್ಬಿಸಿದ್ದು ಒಟ್ಟಿಗೆ ಬದುಕುತ್ತಿದ್ದ ಜನ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ತಮ್ಮವರ ನಡುವೆಯೇ ಇದ್ದರೆ ಇಂಗ್ಲಿಷ್ ಕಲಿಯುವುದು ಯಾವಾಗ, ಮಕ್ಕಳು ಮುಂದೆ ಬರುವುದು ಹೇಗೆ ಎಂಬ ಪ್ರಶ್ನೆ ಅದು. ಇದಕ್ಕೆ ನ್ಯೂ ಆರ್ಲಿಯನ್ಸ್ ನಗರದ ಪೂರ್ವಭಾಗದಲ್ಲಿ ಉತ್ತರವಿದೆ. ಅಲ್ಲಿನ ವರ್ಸೈಲ್ಸ್ ಆರ್ಮ್ಸ್ ಎಂಬ ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ ಕ್ಯಾಥೊಲಿಕ್ ಸಂಸ್ಥೆ 1975ರಲ್ಲಿ ಸಾವಿರದಷ್ಟು ನಿರಾಶ್ರಿತರಿಗೆ ಮನೆ ಕೊಡಿಸಿತು. ಬಹುಪಾಲು ಜನ ಉತ್ತರದ ಬುಯಿ ಚು, ಫಾತ್ ಜಿಯೆಮ್ ಧರ್ಮಪ್ರಾಂತ್ಯಗಳ ಕ್ಯಾಥೊಲಿಕರು. 1954ರಲ್ಲಿ ದೇಶ ಒಡೆದಾಗಲೇ ಒಮ್ಮೆ ಊರು ಬಿಟ್ಟು ದಕ್ಷಿಣಕ್ಕೆ ಬಂದಿದ್ದವರು. ಸುದ್ದಿ ತಿಳಿದು ಬೇರೆ ರಾಜ್ಯಗಳಿಂದ ನೆಂಟರು ತಾವಾಗಿಯೇ ಬಂದು ಸೇರಿಕೊಂಡರು. ಬಡತನದ ಬಡಾವಣೆ, ಸುತ್ತಲಿನ ಸರ್ಕಾರಿ ಶಾಲೆಗಳೂ ಹಿಂದುಳಿದವು. ವೃದ್ಧರು ಪ್ರವಾಹ ತಡೆಯುವ ಒಡ್ಡಿನ ಪಕ್ಕದ ಜಾಗದಲ್ಲಿ ತಮ್ಮ ಊರಿನ ಸೊಪ್ಪು, ಬಳ್ಳಿ ತರಕಾರಿಗಳನ್ನು ಬೆಳೆದು ಶನಿವಾರದ ಬೆಳಗಿನ ಜಾವ ನಡೆಯುವ ಸಂತೆಯಲ್ಲಿ ಮಾರುತ್ತಿದ್ದರು. ಸಮಾಜಶಾಸ್ತ್ರಜ್ಞರಾದ ಮಿನ್ ಝೌ ಮತ್ತು ಕಾರ್ಲ್ ಬ್ಯಾಂಕ್‌ಸ್ಟನ್ ಈ ಬಡಾವಣೆಯ ಮಕ್ಕಳನ್ನು ಅಭ್ಯಸಿಸಿ 1998ರಲ್ಲಿ ಗ್ರಂಥ ಪ್ರಕಟಿಸಿದರು. ಅವರಿಗೆ ಕಂಡದ್ದು ಸಾಮಾನ್ಯ ನಂಬಿಕೆಗೆ ತೀರಾ ವಿರುದ್ಧವಾಗಿತ್ತು. ಮನೆ, ಚರ್ಚು, ಸಮುದಾಯದೊಂದಿಗೆ ನಂಟು ಬಿಗಿಯಾಗಿದ್ದ ಮಕ್ಕಳು, ತಾಯ್ನುಡಿಯಲ್ಲಿ ಓದಬರೆಯಬಲ್ಲ ಮಕ್ಕಳು ಇಂಗ್ಲಿಷ್ ಶಾಲೆಯಲ್ಲೂ ಮುಂದಿದ್ದರು. ನಂಟು ಸಡಿಲವಾದ ಮಕ್ಕಳು ಅದೇ ಬೀದಿಯ ಕೆಟ್ಟ ಸಹವಾಸಕ್ಕೆ ಬೇಗ ಬೀಳುತ್ತಿದ್ದರು. ಕಾರಣ ಗೂಢವೇನಲ್ಲ. ಚರ್ಚಿನ ಸಂಜೆ ತರಗತಿ, ಒಳ್ಳೆಯ ಅಂಕ ತೆಗೆದವರಿಗೆ ಎಲ್ಲರೆದುರು ಬಹುಮಾನ, ಯಾರ ಮಗ ಎಲ್ಲಿ ಅಲೆಯುತ್ತಿದ್ದಾನೆ ಎಂದು ಗಮನಿಸುವ ನೂರು ಕಣ್ಣು. ಬಡ ತಂದೆತಾಯಿಗಳು ಒಬ್ಬೊಬ್ಬರಾಗಿ ಒದಗಿಸಲಾಗದ್ದನ್ನು ಬಡಾವಣೆ ಸೇರಿ ಒದಗಿಸಿತ್ತು.

ಇದೇ ಬಡಾವಣೆ 2005ರ ಆಗಸ್ಟಿನಲ್ಲಿ ಕತ್ರೀನಾ ಚಂಡಮಾರುತದ ನೀರಿನಲ್ಲಿ ಮುಳುಗಿತು. ನಗರದ ಯಾವ ಭಾಗಕ್ಕೆ ಮತ್ತೆ ಜೀವ ಕೊಡಬೇಕು ಎಂದು ಅಧಿಕಾರಿಗಳು ಚರ್ಚಿಸುತ್ತಿದ್ದಾಗಲೇ ಮೇರಿ ಕ್ವೀನ್ ಆಫ್ ವಿಯೆಟ್ನಾಂ ಚರ್ಚಿನ ಪಾದ್ರಿ ವಿಯೆನ್ ನ್ಗುಯೆನ್ ಅಕ್ಟೋಬರಿನಲ್ಲಿ ಮರಳಿ ಬಂದು ಪ್ರಾರ್ಥನೆ ನಡೆಸಿದರು. ಗ್ರಾಹಕರೇ ಇಲ್ಲದ ಕಡೆ ವಿದ್ಯುತ್ ಹರಿಸಲಾಗದು ಎಂಬ ಅಡ್ಡಿ ಎದುರಾದಾಗ, ಮರಳಿದವರ ಹೆಸರುಗಳ ಪಟ್ಟಿಯನ್ನೇ ಕಂಪನಿಯ ಮುಂದಿಟ್ಟರು. ಮರುವರ್ಷ ಚಂಡಮಾರುತದ ಕಸ ಸುರಿಯಲು ಬಡಾವಣೆಯ ಹತ್ತಿರವೇ ನಗರಾಡಳಿತ ಜಾಗ ತೆರೆದಾಗ ಮುದುಕರೂ ಯುವಕರೂ ಬೀದಿಗಿಳಿದು, ನೆರೆಯ ಕಪ್ಪು ಜನರ ಜೊತೆ ಕೈಜೋಡಿಸಿ, ಆಗಸ್ಟಿನ ಹೊತ್ತಿಗೆ ಅದನ್ನು ಮುಚ್ಚಿಸಿದರು. ಇಂಗ್ಲಿಷ್ ಸರಿಯಾಗಿ ಬಾರದ ಅಜ್ಜಿಯರು ಅಮೆರಿಕದ ಪೌರತ್ವವನ್ನು ಹೀಗೆ ಚಲಾಯಿಸಿದ್ದನ್ನು ನೋಡಿದ ಮೇಲೂ ಸಮುದಾಯದ ಬೇಲಿಯೊಳಗೆ ಇದ್ದವರು ದೇಶದೊಳಗೆ ಬೆರೆಯಲಾರರು ಎನ್ನುವುದು ಹೇಗೆ? 1981ರ ಟೆಕ್ಸಾಸ್ ಪ್ರಕರಣದ ಪಾಠವೂ ಇದೇ. ಗ್ಯಾಲ್ವೆಸ್ಟನ್ ಕೊಲ್ಲಿಯಲ್ಲಿ ಸೀಗಡಿ ಹಿಡಿಯುತ್ತಿದ್ದ ವಿಯೆಟ್ನಾಮೀಯರನ್ನು ಓಡಿಸಲು ಬಿಳಿಯರ ದ್ವೇಷಗುಂಪಾದ ಕು ಕ್ಲಕ್ಸ್ ಕ್ಲಾನ್ ಬಂದೂಕು ಹಿಡಿದು ದೋಣಿಯಲ್ಲಿ ಸುತ್ತಿದಾಗ, ನ್ಯಾಯಾಲಯಕ್ಕೆ ಹೋದದ್ದು ವಿಯೆಟ್ನಾಮೀ ಮೀನುಗಾರರ ಸಂಘ. ನ್ಯಾಯಾಧೀಶೆ ಗೇಬ್ರಿಯೆಲ್ ಮೆಕ್‌ಡೊನಾಲ್ಡ್ ಮೇ ತಿಂಗಳ ಸೀಗಡಿ ಋತು ಶುರುವಾಗುವ ಮುನ್ನವೇ ಕ್ಲಾನ್ ವಿರುದ್ಧ ತಡೆಯಾಜ್ಞೆ ಕೊಟ್ಟರು. ಗುಂಪಾಗಿ ಸೇರಿದ್ದರಿಂದಲೇ ದ್ವೇಷ ಕೆರಳಿತು ಎನ್ನುವವರು, ಆ ಸಂಘವಿಲ್ಲದೆ ಒಂಟಿ ದೋಣಿಯವನೊಬ್ಬ ಆ ಬಂದೂಕುಗಳೆದುರು ಏನು ಮಾಡಬಹುದಿತ್ತು ಎಂಬುದನ್ನೂ ಹೇಳಬೇಕು.

ಆರೋಗ್ಯ ಕ್ಷೇತ್ರದಲ್ಲಿ ಈ ವಾದಕ್ಕೆ ಅಂಕಿ ಅಂಶಗಳ ಬೆಂಬಲವೂ ಇದೆ. 1990ರ ದಶಕದಲ್ಲಿ ಅಮೆರಿಕದ ವಿಯೆಟ್ನಾಮೀ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಬಿಳಿಯ ಹೆಂಗಸರಿಗಿಂತ ಐದು ಪಟ್ಟು ಹೆಚ್ಚಿತ್ತು. ಪ್ಯಾಪ್ ಪರೀಕ್ಷೆ ಮಾಡಿಸಿಕೊಂಡರೆ ಬಹುಮಟ್ಟಿಗೆ ತಪ್ಪಿಸಬಹುದಾದ ರೋಗ ಇದು. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಯೆಟ್ನಾಮೀ ಆರೋಗ್ಯ ಯೋಜನೆಯವರು ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ ಸ್ಥಳೀಯ ಸಂಘಗಳ ಜೊತೆ ಸೇರಿ ಒಂದು ಪ್ರಯೋಗ ಮಾಡಿದರು. 1,005 ಹೆಂಗಸರನ್ನು ಎರಡು ಗುಂಪು ಮಾಡಿ, ಎರಡಕ್ಕೂ ತಾಯ್ನುಡಿಯ ರೇಡಿಯೊ, ಪತ್ರಿಕೆಗಳ ಮೂಲಕ ತಿಳಿವಳಿಕೆ ಕೊಟ್ಟರು. ಒಂದು ಗುಂಪಿಗೆ ಮಾತ್ರ ಅದರ ಜೊತೆಗೆ ಅವರ ನಡುವಿನವರೇ ಆದ, ವೈದ್ಯಕೀಯ ಓದಿಲ್ಲದ, ತರಬೇತಿ ಪಡೆದ ಹೆಂಗಸರು ಕೂತು ಮಾತಾಡಿದರು. ಪ್ರಚಾರವಷ್ಟೇ ಸಿಕ್ಕ ಗುಂಪಿನಲ್ಲಿ ಪರೀಕ್ಷೆ ಮಾಡಿಸಿಕೊಂಡವರು ಶೇ. 70ರಿಂದ 76ರ ಹತ್ತಿರಕ್ಕೆ ಏರಿದರೆ, ಮಾತುಕತೆ ನಡೆದ ಗುಂಪಿನಲ್ಲಿ ಶೇ. 66ರಿಂದ 82ಕ್ಕೆ ಏರಿದರು. ಭಾಷೆ ಎರಡೂ ಕಡೆ ಒಂದೇ, ಸಂದೇಶವೂ ಒಂದೇ. ವ್ಯತ್ಯಾಸ ತಂದದ್ದು ಪರಿಚಿತ ಮುಖ. ಕಂಡವರೆದುರು ಆಡಲು ನಾಚುವ ಮಾತನ್ನು ತಮ್ಮಂತೆಯೇ ಬಂದ, ತಮ್ಮ ಓಣಿಯ ಹೆಂಗಸಿನ ಎದುರು ಆಡುವುದು ಸುಲಭವಾಗಿತ್ತು.

ಆದರೆ ಸಮುದಾಯವನ್ನು ಹೊಗಳುವಾಗ ಅದರ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಅಮೆರಿಕದ ಸೈನಿಕರಿಗೂ ವಿಯೆಟ್ನಾಮೀ ತಾಯಂದಿರಿಗೂ ಹುಟ್ಟಿದ ಮಕ್ಕಳನ್ನು ಕರೆತರಲು 1987ರ ಕೊನೆಯಲ್ಲಿ ಕಾಯ್ದೆ ಬಂತು. ಸುಮಾರು 25,000 ಮಂದಿ ಹಾಗೆ ಬಂದರು. ಹುಟ್ಟಿದ ನೆಲದಲ್ಲಿ ಶತ್ರುವಿನ ಸಂತಾನ ಎನಿಸಿಕೊಂಡು, ಶಾಲೆಯಿಂದ ದೂರವೇ ಉಳಿದು ಬೆಳೆದವರು ಅವರು. ವೀಸಾದ ಆಸೆಯಿಂದ ಕೆಲವರು ಇಂಥವರಿಗೆ ಬಂಧುಗಳೆಂದು ಹೇಳಿಕೊಂಡು ಬಂದು, ಅಮೆರಿಕ ತಲುಪಿದ ಮೇಲೆ ಕೈಬಿಟ್ಟರು. ಆರೆಂಜ್ ಕೌಂಟಿಯ ವಿಯೆಟ್ನಾಮೀ ಬಡಾವಣೆಯಾದ ಲಿಟಲ್ ಸೈಗಾನಿನ ಬೀದಿಗಳಲ್ಲೂ ಇವರನ್ನು ನಮ್ಮವರು ಎಂದು ಒಪ್ಪದವರಿದ್ದರು. ಅಪ್ಪ ಸಿಕ್ಕವರು ಬೆರಳೆಣಿಕೆಯಷ್ಟು. ನ್ಯೂಯಾರ್ಕ್ ರಾಜ್ಯದ ಯೂಟಿಕಾದಂಥ ಊರುಗಳಲ್ಲಿ ಇವರಿಗಾಗಿಯೇ ಸೇವೆ ಒದಗಿಸಿದ್ದು ಸರ್ಕಾರದ ಹಣದಿಂದ ನಡೆದ, ಯಾವ ಕುಲಕ್ಕೂ ಸೇರದ ಕೇಂದ್ರಗಳು. ರಾಜಕೀಯದ ವಿಷಯದಲ್ಲೂ ಸಮುದಾಯ ಅಸಹನೆ ತೋರಿಸಿದ್ದುಂಟು. 1980ರ ದಶಕದಲ್ಲಿ ಹಲವು ವಿಯೆಟ್ನಾಮೀ ಪತ್ರಕರ್ತರು ಅಮೆರಿಕದಲ್ಲೇ ಕೊಲೆಯಾದರು. 1999ರಲ್ಲಿ ಆರೆಂಜ್ ಕೌಂಟಿಯ ವೆಸ್ಟ್‌ಮಿನ್‌ಸ್ಟರಿನ ವಿಡಿಯೊ ಅಂಗಡಿಯೊಂದರಲ್ಲಿ ಕಮ್ಯುನಿಸ್ಟ್ ನಾಯಕ ಹೋ ಚಿ ಮಿನ್ ಚಿತ್ರ ತೂಗುಹಾಕಿದ್ದಕ್ಕೆ ವಾರಗಟ್ಟಲೆ ಸಾವಿರಾರು ಜನ ಮುತ್ತಿಗೆ ಹಾಕಿದರು. ಹೀಗಿರುವಾಗ ಎಲ್ಲವನ್ನೂ ಸಮುದಾಯಕ್ಕೇ ಬಿಟ್ಟು ಸರ್ಕಾರ ಕೈತೊಳೆದುಕೊಳ್ಳಲಿ ಎಂದು ವಾದಿಸುವುದು ಸಾಧ್ಯವಿಲ್ಲ. ಸಂಘಗಳಿಗೆ ಹಣ ಬೇಕು, ಅವುಗಳಿಂದ ಹೊರಗುಳಿದವರಿಗೆ ಸರ್ಕಾರದ ಬಾಗಿಲು ಬೇಕು. ವರ್ಜೀನಿಯಾದಲ್ಲಿ ಖುಕ್ ಮಿನ್ ಥೋ ಎಂಬಾಕೆ 1977ರಲ್ಲಿ ಕಟ್ಟಿದ ರಾಜಕೀಯ ಕೈದಿಗಳ ಕುಟುಂಬಗಳ ಸಂಘದ ಕಥೆ ಇಲ್ಲಿ ಗಮನಾರ್ಹ. ವಿಯೆಟ್ನಾಮಿನ ಹೊಸ ಸರ್ಕಾರ ನಡೆಸುತ್ತಿದ್ದ ಮರುಶಿಕ್ಷಣ ಶಿಬಿರಗಳೆಂಬ ಸೆರೆಗಳಲ್ಲಿ ಕೊಳೆಯುತ್ತಿದ್ದ ಗಂಡಂದಿರ ಹೆಸರುಗಳನ್ನು ಹೆಂಗಸರು ಕಲೆಹಾಕಿ ಅಧಿಕಾರಿಗಳಿಗೆ ತಲುಪಿಸುತ್ತ ಬಂದರು. 1989ರಲ್ಲಿ ಎರಡು ಸರ್ಕಾರಗಳ ನಡುವೆ ಒಪ್ಪಂದವಾಗಿ, ಮೂರು ವರ್ಷಕ್ಕೂ ಮೇಲ್ಪಟ್ಟು ಶಿಬಿರದಲ್ಲಿದ್ದವರು ಕುಟುಂಬ ಸಮೇತ ಅಮೆರಿಕಕ್ಕೆ ಬರುವಂತಾಯಿತು. ಹೆಸರು ಕಲೆಹಾಕಿದ್ದು ಸಂಘ, ಒಪ್ಪಂದಕ್ಕೆ ಸಹಿ ಹಾಕಿದ್ದು ಸರ್ಕಾರ. ಒಂದಿಲ್ಲದಿದ್ದರೆ ಇನ್ನೊಂದು ನಡೆಯುತ್ತಿರಲಿಲ್ಲ.

2021ರಲ್ಲಿ ಅಫ್ಘಾನಿಸ್ತಾನದ ರಾಜಧಾನಿ ಕಾಬೂಲ್ ತಾಲಿಬಾನ್ ವಶವಾದಾಗ ಅಮೆರಿಕ ಹಳೆಯ ದಾರಿಯನ್ನೇ ತುಳಿಯಿತು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಅಫ್ಘನ್ನರನ್ನು ಎಂಟು ಸೇನಾ ನೆಲೆಗಳಲ್ಲಿ ಇರಿಸಿ, ಅಲ್ಲಿಂದ ದೇಶದ ಉದ್ದಗಲಕ್ಕೆ ಹಂಚಿತು. ಬಾಡಿಗೆ ಮನೆ ಸಿಕ್ಕ ಕಡೆ ಕಳಿಸಿದ್ದನ್ನು ಒಪ್ಪಬಹುದು, ತಮ್ಮವರಿಲ್ಲದ ಕಡೆ ಕಳಿಸಿದ್ದನ್ನು ಒಪ್ಪಲಾಗದು. ಅರ್ಧ ಶತಮಾನದ ಅನುಭವ ಕಣ್ಣೆದುರೇ ಇತ್ತು. ಆ ಅನುಭವವನ್ನು ನೆನಪಿಟ್ಟುಕೊಂಡವರು ಇದ್ದರು. ಸಿಯಾಟಲ್ ನಗರದ ವಿಯೆಟ್ನಾಮೀ ಅಮೆರಿಕನ್ನರು ಕೆಲವರು ಸೇರಿ ವಿಯೆಟ್ಸ್ ಫಾರ್ ಅಫ್ಘನ್ಸ್ ಎಂಬ ಗುಂಪು ಕಟ್ಟಿ, ಹೊಸದಾಗಿ ಬಂದ ಅಫ್ಘನ್ ಕುಟುಂಬಗಳಿಗೆ ಆತಿಥೇಯರನ್ನು ಹುಡುಕಿಕೊಡುವ ಕೆಲಸಕ್ಕೆ ತೊಡಗಿದರು.